ಓರೆ ಗೋಡೆಯ ಅಡಿಗೆಮನೆ

ಬ್ಯಾಡಗಿಯ ಸ್ಟೇಷನ್ ಕಡೆಯ ಓಣಿಯಲ್ಲಿ ಜಯವ್ವನ ಮನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ದಾರಿ ತೋರಿಸುತ್ತಿದ್ದರು.

"ಮೊರದಾಗ ಅಡಗಿ ಮಾಡ್ತಾಳಲ್ಲ, ಆಕಿ ಮನಿ ಏನ್ರಿ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಅಡಿಗೆಮನೆ ಬಾಗಿಲ ಹತ್ತಿರ ಅಗಲವಾಗಿ ಶುರುವಾಗಿ ಒಳಗೆ ಹೋದಂತೆ ಸಣ್ಣದಾಗುತ್ತ, ಕೊನೆಗೆ ಒಂದು ಕೊಡ ಇಡುವಷ್ಟು ಮೂಲೆಯಾಗಿ ಮುಗಿಯುತ್ತಿತ್ತು. ಬಲಗಡೆಯ ಗೋಡೆ ನೆಟ್ಟಗಿತ್ತು. ಎಡಗಡೆಯದು ಓರೆ.

ಮನೆ ಪಾಲಾದಾಗ ಹುಟ್ಟಿದ ಗೋಡೆ ಅದು. ಹಿರಿಯಣ್ಣನಿಗೆ ಒಳಕಲ್ಲು ಇರುವ ಜಾಗ, ತಮ್ಮನಾದ ಜಯವ್ವನ ಗಂಡ ತಿರಕಪ್ಪನಿಗೆ ಹಿತ್ತಲ ಬಾಗಿಲು ಎಂದು ಹಿರಿಯರು ಹೇಳಿದರು. ಮದುವೆ ಮುಂಜಿಗೆಲ್ಲ ಅರಿಸಿನ ಕುಂಕುಮ ಕಂಡ ಒಳಕಲ್ಲನ್ನು ನೆಲದಿಂದ ಕೀಳುವಂತಿಲ್ಲ. ಹಾಗಾಗಿ ಹಗ್ಗವನ್ನು ಒಳಕಲ್ಲಿನ ಈಚೆಯಿಂದ ಎಳೆದು ಹಿತ್ತಲ ಬಾಗಿಲಿನ ಆಚೆಗೆ ಕಟ್ಟಿದರು. ಹಗ್ಗ ಹೋದ ಹಾಗೆ ಗೋಡೆ ಹೋಯಿತು. ಎರಡೂ ಮನೆಯ ತೊಲೆಗಳು ಅದರ ಮೇಲೆಯೇ ಕೂತವು. ಇನ್ನು ಅದನ್ನು ಅಲ್ಲಾಡಿಸುವ ಮಾತೇ ಇರಲಿಲ್ಲ.

ಗೋಡೆಯ ಆಚೆ ಹಿರಿಯಣ್ಣನ ಹೆಂಡತಿ ಪ್ರೇಮವ್ವ ಇದ್ದಳು. ನೆಗೆಣ್ಣಿಯರ ನಡುವೆ ಜಗಳವೇನೂ ಆಗಿರಲಿಲ್ಲ. ಪಾಲಾದ ಮೇಲೆ ಮಾತು ಸಣ್ಣದಾಗಿತ್ತು, ಅಷ್ಟೆ. ಅಂಗಳ ಮಾತ್ರ ಇಬ್ಬರದೂ. ಒಂದು ವಾರ ಇವಳು ಸಾರಿಸಿದರೆ ಇನ್ನೊಂದು ವಾರ ಅವಳು.

ಜಯವ್ವ ರೊಟ್ಟಿ ಬಡಿಯುವವಳು. ಮದುವೆ ಮನೆ, ಗೃಹಪ್ರವೇಶ, ಜವಳ, ಎಲ್ಲಿ ಕರೆದರೂ ಹೋಗುತ್ತಿದ್ದಳು. ಹಾವೇರಿ, ರಾಣೆಬೆನ್ನೂರು, ಐರಣಿ, ಕುಮಾರಪಟ್ಟಣದ ಕಾರ್ಖಾನೆ ಕ್ವಾರ್ಟರ್ಸುಗಳವರೆಗೆ ಅವಳ ಕೈ ಓಡಾಡಿತ್ತು. ಊರುಗಳನ್ನು ಅವಳು ನೆನಪಿಟ್ಟುಕೊಂಡಿದ್ದು ಅಡಿಗೆಮನೆಗಳಿಂದ. ಐರಣಿಯ ಒಂದು ಮನೆಯಲ್ಲಿ ಒಲೆ ನೆಲಕ್ಕೆ ಅಂಟಿದಂತಿತ್ತು, ಇಡೀ ದಿನ ಬಡಿದರೂ ರಟ್ಟೆ ನೋಯಲಿಲ್ಲ. ಹಾವೇರಿಯ ವಕೀಲರ ಮನೆಯ ಹೊಗೆಗೂಡು ಎಂಥ ಹಸಿ ಕಟ್ಟಿಗೆಯ ಹೊಗೆಯನ್ನೂ ಎಳೆದುಕೊಳ್ಳುತ್ತಿತ್ತು. ಎಲ್ಲವೂ ಅವಳಿಗೆ ಗೊತ್ತಿತ್ತು, ಯಾವುದೂ ಅವಳದಾಗಿರಲಿಲ್ಲ. ಎಲ್ಲ ಮನೆಗೂ ಹಿತ್ತಲಿಂದ ಹೋಗಿ, ಅವರ ಹೊಗೆಯಲ್ಲಿ ಕೂತು, ಹಿತ್ತಲಿಂದಲೇ ಬರಬೇಕಿತ್ತು. ಸ್ವಂತ ಒಲೆಯ ಮುಂದೆ ಕೂತು ದುಡಿಯಬೇಕೆಂಬುದು ಅವಳ ಬಹಳ ದಿನದ ಆಸೆ. ಅದನ್ನು ಅವಳು ಯಾರ ಮುಂದೆಯೂ ದೊಡ್ಡದಾಗಿ ಹೇಳಿಕೊಂಡವಳಲ್ಲ.

ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲದ ಕೊನೆಗೆ ಆ ಆಸೆ ತಾನಾಗಿ ಬಾಗಿಲಿಗೆ ಬಂತು. ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸುವ ಪ್ರಭುಲಿಂಗಪ್ಪ ಒಂದು ಮದುವೆಯಲ್ಲಿ ಅವಳ ರೊಟ್ಟಿ ಉಂಡಿದ್ದರು. ದೀಪಾವಳಿಯಿಂದ ದಿನಾ ರೊಟ್ಟಿ ಬೇಕು, ಕೊಡುತ್ತೀಯಾ ಎಂದು ಕೇಳಿಕೊಂಡು ಬಂದರು. ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ತಂಗಿ, ಇಲ್ಲಿ ಒಬ್ಬಾಕಿ ಕುಂತ್ರ ಇನ್ನೊಬ್ಬಾಕಿ ಓಣ್ಯಾಗ ನಿಂದ್ರಬೇಕು. ನನಗ ಮೂರು ಮಂದಿ ಕೈ ಬೇಕು. ಹಿಂದ ಒಬ್ಬಾಕಿ ಹ್ಞೂಂ ಅಂದು ಅರ್ಧಕ್ಕ ಕೈ ಬಿಟ್ಲು."

"ದೀಪಾವಳಿ ಹಿಂದಿನ ದಿನ ಬಂದು ನೋಡ್ರಿ. ಮೂರು ಮಂದಿ ಕುಂತಿರ್ತೇವಿ."

"ಇದರಾಗ?"

"ಇದರಾಗ."

ಅವರು ಹೋದ ಮೇಲೆ ಗಂಡ ತಿರಕಪ್ಪ ತಲೆ ಕೆರೆದುಕೊಂಡ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಅವನು. ಚೀಲ ಹೊತ್ತು ಹೊತ್ತು ಅವನ ಬನಿಯನ್ನೇ ಕೆಂಪಗಾಗಿತ್ತು. ಹೆಂಡತಿ ಹೊಗೆಯಲ್ಲಿ ಕೂಡುವುದು ಅವನಿಗೆ ಸೇರುತ್ತಿರಲಿಲ್ಲ. ಒಂದು ಸಂಜೆ ಕೈಗಾಡಿಯ ಮೇಲೆ ಉದ್ದನೆಯ ಕರೀ ಕಡಪಾ ಕಲ್ಲು ಹೇರಿಕೊಂಡು ಬಂದ. ಯಾವುದೋ ಹೊಸ ಅಂಗಡಿ ಕಟ್ಟಿಸಿದವರು ತುದಿ ಮುರಿದಿದೆ ಎಂದು ಬಿಟ್ಟ ಕಲ್ಲು.

"ನಮ್ಮ ಸಾಹುಕಾರ್ತಿ ಮನ್ಯಾಗ ನೋಡೇನಿ. ಇಂಥಾದ್ದ ಕಲ್ಲಿನ ಕಟ್ಟಿ, ಮ್ಯಾಲ ಗ್ಯಾಸು. ನಿಂತ ಅಡಗಿ ಮಾಡ್ತಾಳ. ಕಣ್ಣಾಗ ನೀರಿಲ್ಲ, ಸೊಂಟ ಬಗ್ಗಂಗಿಲ್ಲ."

"ಆಕಿ ನಾಕು ಚಪಾತಿ ಲಟ್ಟಸ್ತಾಳ್ರಿ. ನಾ ದಿನಾ ನಿಂತು ರೊಟ್ಟಿ ಬಡದ್ರ ಸಂಜಿಕ ಎರಡೂ ರಟ್ಟಿ ಬಿಚ್ಚಿ ಗೂಟಕ್ಕ ಹಾಕಬೇಕು."

"ಮತ್ತ ಈ ಕಲ್ಲು?"

"ಇರ್ಲಿ. ಬಂದಿದ್ದು ಚೊಲೊನ ಆತು."

ತಿರಕಪ್ಪ ಅದನ್ನು ಗೋಡೆಗೆ ಆನಿಸಿಟ್ಟು ದಿನಾ ಒಮ್ಮೆ ಒರೆಸುತ್ತಿದ್ದ.

ಗೌಂಡಿ ಗಿರಿಯಪ್ಪ ಬಂದು ಗೋಡೆ ತಟ್ಟಿ ನೋಡಿ, ಒಂದು ಮಾತು ಹೇಳಿದ. "ತಂಗಿ, ನಿನ್ನ ಹತ್ರ ಇರೂ ರೊಕ್ಕದಾಗ ಒಂದ ಸಲ ಕಟ್ಟಬಹುದು. ಕೆಡವಿ ಮತ್ತ ಕಟ್ಟಾಕ ಆಗೂದಿಲ್ಲ. ಯಾವುದು ಎಲ್ಲಿ ಬರಬೇಕು ಅನ್ನೂದು ನೀನ ಗಟ್ಟಿ ಮಾಡು."

ಗಟ್ಟಿ ಮಾಡಿಕೊಳ್ಳಲು ಜಯವ್ವ ಹಾಳೆ ಹುಡುಕಲಿಲ್ಲ. ಹುರಿಯಿಂದ ಅಡಿಗೆಮನೆಯ ಮೈ ಅಳೆದು, ಅಂಗಳಕ್ಕೆ ಬಂದು, ರಂಗೋಲಿ ಪುಡಿಯಲ್ಲಿ ಅದನ್ನು ಇದ್ದಷ್ಟೇ ದೊಡ್ಡದಾಗಿ ಬರೆದಳು. ನೆಟ್ಟನೆಯ ಗೋಡೆ, ಓರೆ ಗೋಡೆ, ಬಾಗಿಲು, ತುದಿಯ ಮೂಲೆ. ಸಂಜೆ ಬಿಸಿಲು ಇಳಿದ ಮೇಲೆ, ಜೊತೆಗೆ ದುಡಿಯಲು ಒಪ್ಪಿದ್ದ ಇಬ್ಬರನ್ನು ಕರೆದು ಆ ಗೆರೆಗಳ ಒಳಗೆ ಕೂರಿಸಿದಳು. ಒಬ್ಬಳು ಪಕ್ಕದ ಮನೆಯ ಗೂಡುಸಾಬನ ಹೆಂಡತಿ ಮಾಬುಬಿ, ಇನ್ನೊಬ್ಬಳು ಓಣಿಗೆ ಹೊಸದಾಗಿ ಸೊಸೆಯಾಗಿ ಬಂದ ಶಿಲ್ಪಾ. ಬೆಂಕಿಯಿಲ್ಲದ ಒಲೆಯಂತೆ ಇಟ್ಟಿಗೆ, ಮೇಲೆ ತಣ್ಣನೆಯ ಹಂಚು, ಕೈಯಲ್ಲಿ ಮಾತ್ರ ನಿಜವಾದ ಹಿಟ್ಟು. ಅದೇ ಹಿಟ್ಟನ್ನು ಬಡಿದು, ಎತ್ತಿ, ಹಂಚಿಗೆ ಹಾಕಿ, ಮತ್ತೆ ಮುದ್ದೆ ಮಾಡಿ ಬಡಿಯುವುದು.

ಓಣಿಯವರಿಗೆ ಒಳ್ಳೆಯ ತಮಾಷೆಯಾಯಿತು.

"ಏನ್ ಜಯಕ್ಕಾ, ಗ್ವಾಡಿ ಇಲ್ಲ, ಬೆಂಕಿ ಇಲ್ಲ. ಊಟಕ್ಕ ಯಾರು, ದೆವ್ವಗಳೇನು?"

"ನಿಮ್ಮ ಅತ್ತಿನ್ನ ಕಳಸು, ಬಡಸ್ತೇನಿ" ಎಂದಳು ಮಾಬುಬಿ, ತಲೆಯೆತ್ತದೆ.

ಒಲೆ ಬಾಗಿಲ ಹತ್ತಿರ ಇದ್ದರೆ ಓಡಾಡಲು ಜಾಗವಿಲ್ಲ. ನೆಟ್ಟನೆಯ ಗೋಡೆಗೆ ಹಚ್ಚಿದರೆ ಮೂವರ ಮೊಣಕೈ ಒಂದಕ್ಕೊಂದು ಬಡಿಯುತ್ತವೆ. ಇಟ್ಟಿಗೆಗಳನ್ನು ಎತ್ತಿ ಎತ್ತಿ ಇಡುತ್ತ ಒಂದು ಸಂಜೆ ಜಯವ್ವ ಒಲೆಯನ್ನು ಆ ಸಣ್ಣ ತುದಿಗೇ ತಳ್ಳಿದಳು. ಎರಡು ಹಂಚು ಒಂದರ ಪಕ್ಕ ಒಂದು. ಅವುಗಳ ಮುಂದೆ ತಾನು ಕೂತು ಬೇಯಿಸುವುದು. ಬಲಕ್ಕೆ ನೆಟ್ಟನೆಯ ಗೋಡೆಗೆ ಬೆನ್ನು ಕೊಟ್ಟು ಮಾಬುಬಿ, ಎಡಕ್ಕೆ ಓರೆ ಗೋಡೆಗೆ ಬೆನ್ನು ಕೊಟ್ಟು ಶಿಲ್ಪಾ. ಕೂತು ನೋಡಿದರೆ ಯಾರಿಗೆ ಯಾರೂ ತಾಗಲಿಲ್ಲ. ಎರಡು ಗೋಡೆಗಳೂ ಸೇರಿ ಎಲ್ಲರ ಕೈಗಳನ್ನು ಬೆಂಕಿಯ ಕಡೆಗೇ ಕರೆದುಕೊಂಡು ಹೋಗುತ್ತಿದ್ದವು. ಇಷ್ಟು ವರ್ಷ ಕೊಡ ಇಡಲು ಬಿಟ್ಟರೆ ಬೇರೇನಕ್ಕೂ ಬಾರದ ಮೂಲೆ, ಮೇಲೊಂದು ಹೊಗೆಗೂಡು ಇಟ್ಟರೆ ಹೊಗೆಯನ್ನು ತಾನೇ ನುಂಗುವಂತಿತ್ತು.

ಆದರೆ ಒಂದು ತೊಡಕು ಉಳಿಯಿತು. ಓರೆ ಗೋಡೆಗೆ ಬೆನ್ನು ಕೊಟ್ಟವಳ ಮುಖ ತಾನಾಗಿ ಬಾಗಿಲ ಕಡೆಗೆ ತಿರುಗುತ್ತಿತ್ತು. ಒಲೆ ಅವಳ ಎಡ ಭುಜದ ಹಿಂದಕ್ಕೆ ಬೀಳುತ್ತಿತ್ತು. ರೊಟ್ಟಿಯನ್ನು ಬಲ ಅಂಗೈ ಮೇಲೆ ಎತ್ತಿಕೊಂಡ ಶಿಲ್ಪಾ ಹಂಚಿಗೆ ಹಾಕಬೇಕಾದರೆ ಇಡೀ ಮೈ ಹೊರಳಿಸಬೇಕು. ಹೊರಳಿಸಿದಾಗೆಲ್ಲ ರೊಟ್ಟಿ ಹರಿಯುತ್ತಿತ್ತು. ಭಾನುವಾರ ಸಂಜೆ ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ತಟ್ಟೆಗೆ ಹಾಕಿ ಅವಳು ಎದ್ದಳು.

"ಅಕ್ಕಾ, ಸಿಟ್ಟು ಆಗಬ್ಯಾಡ್ರಿ. ನನಗ ಮೆಣಸಿನಕಾಯಿ ತೊಟ್ಟು ಬಿಡಸೂದ ಚೊಲೊ. ಅಲ್ಲಿ ಗ್ವಾಡಿ ಇರೂದಿಲ್ಲ."

ಜಯವ್ವ ಸಿಟ್ಟು ಮಾಡಲಿಲ್ಲ. ಬೆಳಗಾದರೆ ಗಿರಿಯಪ್ಪ ಗುರುತು ಹಾಕಲು ಬರುವವನಿದ್ದ. ಹಳೆಯ ಒಲೆಯನ್ನು ಆಗಲೇ ಕಿತ್ತಾಗಿತ್ತು. ಇದ್ದುದರಲ್ಲಿ ಗಟ್ಟಿ ಮಾಡೋಣ ಎಂದು ಒಲೆ, ಹೊಗೆಗೂಡು, ಕೂಡುವ ಜಾಗ, ನೀರಿನ ಕೊಡ ಎಲ್ಲವನ್ನೂ ರಂಗೋಲಿಯಲ್ಲಿ ಮತ್ತೊಮ್ಮೆ ತಿದ್ದಿ, ದಪ್ಪಗೆ ಬರೆದು ಮಲಗಿದಳು.

ಸೋಮವಾರ ಅಂಗಳ ಸಾರಿಸುವ ಸರದಿ ಪ್ರೇಮವ್ವನದಾಗಿ ಬದಲಾಗುತ್ತದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಹಿಂದಿನ ವಾರವೆಲ್ಲ ತನ್ನದೇ ಸರದಿಯಾದ್ದರಿಂದ ಗೆರೆಗಳನ್ನು ಬಿಟ್ಟು ಸುತ್ತ ಸಾರಿಸಿಕೊಂಡಿದ್ದಳು. ಪ್ರೇಮವ್ವ ಹಾಗೆ ಬಿಡುವವಳಲ್ಲ. ನಿನ್ನೆಯ ರಂಗೋಲಿಯ ಮೇಲೆ ಇವತ್ತಿನ ಬಿಸಿಲು ಬೀಳಬಾರದು ಎಂದು ಅತ್ತೆ ಕಲಿಸಿದ್ದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಜಯವ್ವ ಬಾಗಿಲು ತೆಗೆದಾಗ ಅಂಗಳ ಹಸಿ ಸಗಣಿಯ ವಾಸನೆಯಲ್ಲಿ ನುಣ್ಣಗೆ ಮಿರುಗುತ್ತಿತ್ತು. ನಡುವೆ ಪುಟ್ಟದೊಂದು ಹೊಸ ರಂಗೋಲಿ. ಪ್ರೇಮವ್ವ ಬಕೆಟ್ಟು ಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಗಿರಿಯಪ್ಪ ಕರಣಿ, ಹುರಿ ಹಿಡಿದು ಬಂದ. "ಎಲ್ಲೈತಿ ತಂಗಿ, ನಿನ್ನ ನಕ್ಷಾ?"

ಜಯವ್ವ ಸಾರಿಸಿದ ನೆಲದ ಕಡೆ ಕೈ ತೋರಿಸಿದಳು. ಪ್ರೇಮವ್ವನಿಗೆ ಆಗ ಅರ್ಥವಾಯಿತು. ಅವಳ ಮುಖ ಸಣ್ಣದಾಯಿತು.

"ಇವತ್ತೂ ಬೇಕು ಅಂತ ನನಗ ತಿಳೀಲಿಲ್ಲ ಜಯಾ. ರೂಢಿ ಪ್ರಕಾರ..."

"ನಂದ ತಪ್ಪು, ಯಕ್ಕಾ. ನಿನಗ ಹೇಳಬೇಕಾಗಿತ್ತು."

"ನಾಳಿಂದ ನನಗ ಐರಣ್ಯಾಗ ಕೆಲಸ ಐತಿ" ಎಂದ ಗಿರಿಯಪ್ಪ. "ಗುರುತು ಹಾಕೂದು ಇವತ್ತ ಆಗಬೇಕು. ಇಲ್ಲಾಂದ್ರ ದೀಪಾವಳಿ ಆದ ಮ್ಯಾಲ."

ದೀಪಾವಳಿ ಆದ ಮೇಲೆ ಎಂದರೆ ಖಾನಾವಳಿಯ ರೊಟ್ಟಿ ಬೇರೆಯವರ ಪಾಲು. ಜಯವ್ವ ಕ್ಷಣ ಯೋಚಿಸಿದಳು. ಮಾಬುಬಿಯನ್ನು ಕೂಗಿ ಕರೆದಳು. ಒಲೆ ಕಿತ್ತ ಖಾಲಿ ಅಡಿಗೆಮನೆಯೊಳಗೆ ಹೋಗಿ ಸೀರೆಯ ನಿರಿಗೆ ಒಟ್ಟು ಮಾಡಿಕೊಂಡು ತುದಿಯ ಕಡೆ ಮುಖ ಮಾಡಿ ಕೂತಳು. ಅಂಗಳದಲ್ಲಿ ಅಷ್ಟು ಸಲ ಕೂತಿದ್ದ ಮೈಗೆ ಜಾಗ ಗೊತ್ತಿತ್ತು. ಮಾಬುಬಿ ಬಲಕ್ಕೆ ಬಂದು ಕೂತಳು.

"ಬರಿ, ಗಿರಿಯಪ್ಪಣ್ಣ. ನಾವು ಕುಂತ ಸುತ್ತ ಸುಣ್ಣದ ಗೆರಿ ಹಾಕು."

"ಇಬ್ರ ಅದೀರಿ. ಮೂರನೇದಾಕಿ?"

ಉತ್ತರ ಬರುವ ಮೊದಲು ಬಾಗಿಲಲ್ಲಿ ಪ್ರೇಮವ್ವ ಕಾಲು ತೊಳೆದುಕೊಂಡು ನಿಂತಿದ್ದಳು. "ಗುರುತಿಗೆ ಒಂದು ಮೈ ಬೇಕಷ್ಟ ಅಲ್ಲ? ನಾ ಕುಂದರ್ತೇನಿ. ಆ ಹುಡುಗಿ ಎಲ್ಲಿ ಕುಂದರತಿದ್ಲು ಅಂತ ದಿನಾ ಕಟ್ಟೀ ಮ್ಯಾಲಿಂದ ನೋಡೇನಿ."

ಓರೆ ಗೋಡೆಗೆ ಬೆನ್ನು ಹಚ್ಚಿ ಕೂತಳು. ಅಳತೆ ಸರಿಯಾಗಲಿ ಎಂದು ಜಯವ್ವ ಹಂಚು ಇಟ್ಟು, ಹಿಟ್ಟಿನ ತಟ್ಟೆಯನ್ನು ಅವಳ ಮುಂದಿಟ್ಟಳು. ಪ್ರೇಮವ್ವ ತುಸು ಹಿಂಜರಿದಳು. ಆಮೇಲೆ ಮುದ್ದೆ ಮಾಡಿ ಬಡಿದಳು. ರೊಟ್ಟಿ ದುಂಡಗೆ ಅರಳಿತು. ಅದನ್ನು ಎಡ ಅಂಗೈ ಮೇಲೆ ಎತ್ತಿಕೊಂಡು, ಮೈ ಅಲುಗಿಸದೆ, ಬರೀ ತೋಳನ್ನು ಚಾಚಿ ಒಲೆ ಬರಬೇಕಾದ ಜಾಗದಲ್ಲಿದ್ದ ಹಂಚಿಗೆ ಹಾಕಿದಳು. ಅಂಚು ಕೂಡ ಮಡಚಲಿಲ್ಲ.

ಅವಳು ಎಡಗೈಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಎಡಚಿ ಎಂದು ಬೈದು, ಬೀಗರು ಬಂದಾಗ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಜಯವ್ವನಿಗೆ ಅದು ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಯಾವತ್ತೂ ಯೋಚಿಸಿರದ ವಿಷಯ.

"ಇನ್ನೊಂದು ಹಾಕ, ಯಕ್ಕಾ."

ಪ್ರೇಮವ್ವ ಇನ್ನೊಂದು ಹಾಕಿದಳು. ಅದೂ ಹರಿಯಲಿಲ್ಲ. ಗಿರಿಯಪ್ಪ ಬಗ್ಗಿ ಮೂವರ ಮೊಣಕಾಲು ಸುತ್ತ ಸುಣ್ಣದ ಗೆರೆ ಎಳೆಯುತ್ತಿದ್ದ. ಜಯವ್ವ ಹಂಚಿನ ಕಡೆಯೇ ನೋಡುತ್ತ ಮೆಲ್ಲಗೆ ಕೇಳಿದಳು.

"ಗುರುತಿಗಷ್ಟ ಕುಂತೀಯೋ, ಕೆಲಸಕ್ಕೂ ಕುಂದರ್ತೀಯೋ?"

"ಎಡಗೈ ರೊಟ್ಟಿ ಮಂದಿ ಉಣ್ತಾರೇನು?"

"ಈ ಗ್ವಾಡಿಗೆ ಬಲಗೈಯಾಕಿ ಒಗ್ಗಲಿಲ್ಲ. ನೋಡೀಯಲ್ಲ."

ಪ್ರೇಮವ್ವ ಕೈ ಒರೆಸಿಕೊಂಡು ಗೆರೆ ತುಳಿಯದ ಹಾಗೆ ಎದ್ದು ಹೋದಳು. ಮರುದಿನ ಹೊಸ ಒಲೆಗೆ ಮಣ್ಣು ಕಲಸುವಾಗ ಅವಳೇ ಬಂದು ತುಳಿಯಲು ಇಳಿದಳು.

ಗುರುತು ಸಿಕ್ಕ ಮೇಲೆ ಉಳಿದದ್ದನ್ನು ಗಿರಿಯಪ್ಪನ ಜೊತೆಯವರು ಮಾಡಿದರು. ಹೊಗೆಗೂಡು ಹಾವೇರಿಯ ವಕೀಲರ ಮನೆಯದರಂತೆ, ಒಲೆಯ ಎತ್ತರ ಐರಣಿಯಂತೆ. ಕಡಪಾ ಕಲ್ಲನ್ನು ಎರಡು ತುಂಡು ಮಾಡಬೇಕೆಂದಾಗ ತಿರಕಪ್ಪ ಮುಖ ತಿರುಗಿಸಿಕೊಂಡು ಹೊರಗೆ ಹೋದ. ಸಂಜೆ ಬಂದು ನೋಡಿದರೆ ಬಡಿಯುವವರಿಬ್ಬರ ಮುಂದೆ ಒಂದೊಂದು ತುಂಡು ನೆಲದಿಂದ ಗೇಣು ಎತ್ತರಕ್ಕೆ ಕೂತಿತ್ತು. ಅವನು ಕುಕ್ಕುರುಗಾಲಲ್ಲಿ ಕೂತು ಅಂಗೈಯಿಂದ ಸವರಿ ನೋಡಿದ.

"ನಿಂತ ಮಾಡೂವಂಗ ಆಗಲಿಲ್ಲ."

"ಕುಂತ ಗಳಸೂವಂಗ ಆತಲ್ರಿ."

ದೀಪಾವಳಿಯ ಹಿಂದಿನ ದಿನ ಪ್ರಭುಲಿಂಗಪ್ಪ ಬಂದಾಗ ಮೂವರೂ ಕೂತಿದ್ದರು. ಒಳಗೆ ಬೆಂಕಿ ಉರಿಯುತ್ತಿತ್ತು, ಕಣ್ಣಿಗೆ ಹೊಗೆ ಇರಲಿಲ್ಲ. ಎರಡು ಕಡೆಯಿಂದ ರೊಟ್ಟಿ ಬಂದು ಬೀಳುತ್ತಿದ್ದವು. ಜಯವ್ವ ನೀರಿನ ಬಟ್ಟೆ ಆಡಿಸಿ ತಿರುವಿ ಹಾಕುತ್ತಿದ್ದಳು. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕಣ್ಣು ಪ್ರೇಮವ್ವನ ಕೈಯ ಮೇಲೆ ನಿಂತಿತು.

"ಏನವಾ, ಎಡಗೈಲೆ ಹಾಕ್ತೀಯಲ್ಲ?"

ಬಡಿಯುತ್ತಿದ್ದ ಕೈ ನಿಂತಿತು. ಮಾಬುಬಿಯದೂ ನಿಂತಿತು. ಜಯವ್ವ ಹಂಚಿನ ಮೇಲಿನ ರೊಟ್ಟಿಯನ್ನು ಉಬ್ಬುವ ತನಕ ಕಾದು, ತೆಗೆದು ತಟ್ಟೆಗೆ ಹಾಕಿ, ಕೂತಲ್ಲಿಂದಲೇ ಅವರ ಕಡೆ ಚಾಚಿದಳು. ಅದು ಪ್ರೇಮವ್ವ ಬಡಿದ ರೊಟ್ಟಿ.

"ಉಂಡ ನೋಡ್ರಿ, ಸಾಹುಕಾರ್ರ. ಈಕಿ ಕುಂತ್ರ ಮೂರು ಮಂದಿ. ಈಕಿ ಎದ್ರ ನಾವೂ ಏಳ್ತೇವಿ."

ಪ್ರಭುಲಿಂಗಪ್ಪ ರೊಟ್ಟಿ ಮುರಿದರು. ಎರಡು ಪದರಾಗಿ ಬಿಚ್ಚಿಕೊಂಡಿತು. ಪಲ್ಯ ಕೇಳದೆ, ನಿಂತಲ್ಲೇ ಒಣಾ ರೊಟ್ಟಿಯನ್ನು ಪೂರ್ತಿ ಉಂಡು, ಕೈ ಜಾಡಿಸಿದರು.

"ಹಬ್ಬ ಆದ ಮರುದಿನದಿಂದ ಮುಂಜಾನಿ ಪ್ಯಾಸೆಂಜರ್ ಗಾಡಿಗೆ ಕಳಸ್ರಿ. ಸ್ಟೇಷನ್ನಿಗೆ ನಮ್ಮವರು ಬರ್ತಾರ."

ಅವರ ಚಪ್ಪಲಿಯ ಸಪ್ಪಳ ಓಣಿಯ ತುದಿ ದಾಟಿತು. ಪ್ರೇಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಏನೋ ಹೇಳಬೇಕೆಂದು ಬಾಯಿ ತೆರೆದಳು.

"ಹಂಚು ಸುಡಾಕತ್ತೈತಿ, ಯಕ್ಕಾ" ಎಂದಳು ಜಯವ್ವ. "ಬಡಿ."