ಹನ್ನೊಂದಾಣೆ ವರ

ಸರ್ ಅವರ ಬಲ ಹುಬ್ಬಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಬಿಳಿ ಮೆತ್ತಿರುತ್ತಿತ್ತು. ಎಡ ಹುಬ್ಬೇ ಇದ್ದರೂ ಇದ್ದೀತು. ನನ್ನ ನೆನಪಿನ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಯೋಚಿಸುವಾಗ ಅವರು ಸೀಮೆಸುಣ್ಣ ಹಿಡಿದ ಕೈಯಿಂದಲೇ ಹುಬ್ಬು ಕೆರೆದುಕೊಳ್ಳುತ್ತಿದ್ದುದಂತೂ ನಿಜ.

ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬಂದು ನಮಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಸಂಭವನೀಯತೆಯೆಂದರೆ ನಾಣ್ಯ ಚಿಮ್ಮುವ ಆಟವಲ್ಲ, ಒಂದು ಮಾತಿನ ಮೇಲೆ ನಮಗಿರುವ ನಂಬಿಕೆಯ ಅಳತೆ ಎನ್ನುತ್ತಿದ್ದರು. ಅವರ ಅಳತೆಗೋಲು ಆಣೆ, ರೂಪಾಯಿಗೆ ಹದಿನಾರು. ನಾವೆಲ್ಲ ಬಾಯಿಮಾತಿಗೆ ಹೇಳುವ "ಹದಿನಾರಾಣೆ ಖರೆ" ಅವರ ಪಾಲಿಗೆ ಲೆಕ್ಕದ ಮಾತು.

"ಇವತ್ತ ಮಳಿ ಬರ್ತದೇನವ್ವ?"

"ಬರಂಗಿಲ್ರಿ ಸರ್."

"ಎಷ್ಟಾಣೆ ಬರಂಗಿಲ್ಲ?"

"ಹನ್ನೆರಡಾಣೆರಿ."

"ಅಂದ್ರ ನಾಲ್ಕಾಣೆ ಬರ್ತದ. ಛತ್ರಿ ಹಿಡಿಯೋ ತ್ರಾಸು ಸಣ್ಣದು, ತೊಯ್ಯೋ ತ್ರಾಸು ದೊಡ್ಡದು. ನಾಲ್ಕಾಣೆಗೂ ಛತ್ರಿ ಬೇಕು."

ಅವರ ಛತ್ರಿ ಮಾತ್ರ ಆಗ ಬಸ್ಸಿನಲ್ಲೇ ಉಳಿದಿರುತ್ತಿತ್ತು.

ನನಗೆ ನೌಕರಿ ಸಿಕ್ಕ ಹೊಸತರಲ್ಲಿ ಒಂದು ಸಂಬಂಧ ಬಂತು. ಹುಡುಗ ಮಹಾಗಾಂವದವರು, ಸರ್ ಅವರ ಸ್ವಂತ ಅಕ್ಕನ ಮಗ. ಮದುವೆಯಾದರೆ ನೌಕರಿ ಬಿಡಿಸುತ್ತಾರೇನೋ ಎಂಬುದೊಂದೇ ನನ್ನ ಭಯ. ನೋಡಲು ಬಂದ ದಿನ ಹುಡುಗನ ಕಡೆಯವರ ಜೊತೆ ಸರ್ ಕೂಡ ಇದ್ದರು. ಎಲ್ಲರೂ ಹುಡುಗ ಬಂಗಾರ ಎಂದರು. ಅಪ್ಪ ಸರ್ ಕಡೆ ತಿರುಗಿದರು.

"ಸಣ್ಣಂದಿನಿಂದ ನೋಡೀರಿ. ಹುಡುಗ ಛಲೋ ಅದಾನಲ್ರೀ?"

ಸರ್ ಹುಬ್ಬು ಕೆರೆದುಕೊಂಡರು. "ಹನ್ನೊಂದಾಣೆ."

ಅವರ ಅಕ್ಕನ ಕಪ್ಪಿನ ಚಹಾ ಬಸಿಗೆ ತುಳುಕಿತು. "ಏ ತಮ್ಮಾ, ಹೆಣ್ಣು ನೋಡ್ಲಾಕ ಬಂದೀಯೋ, ನನ್ನ ಮಗನ ಮಾನ ಕಳೀಲಾಕ ಬಂದೀಯೋ?"

"ನಿನ್ನ ಮಾರಿ ನೋಡಿ ಒಂದಾಣೆ ಜಾಸ್ತಿನೇ ಹೇಳೀನಿ ಅಕ್ಕಾ."

ನನಗೆ ನಗು ತಡೆಯಲಾಗಲಿಲ್ಲ. "ಉಳಿದ ಐದಾಣೆಗೆ ಏನು ಮಾಡಬೇಕ್ರಿ ಸರ್?" ಎಂದುಬಿಟ್ಟೆ.

"ಛತ್ರಿ ಹಿಡಕೊಂಡು ಹೋಗವ್ವ. ನೌಕರಿ ಬಿಡಬ್ಯಾಡ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗ ತಲೆಯೆತ್ತಿ, "ಹಿಡಕೊಂಡೇ ಬರ್ಲಿ ಬಿಡ್ರಿ ಮಾಮಾ" ಎಂದರು. ನಾನು ಒಪ್ಪಿದ್ದು ಆ ಮಾತಿಗೆ. ಅಥವಾ ಹನ್ನೊಂದಾಣೆಗೇ ಒಪ್ಪಿದ್ದೆನೋ, ಈಗ ಹೇಳಲಾರೆ.

ಆಮೇಲೆ ಕಂಡಾಗಲೆಲ್ಲ ಸರ್ ಕೇಳುತ್ತಿದ್ದರು: "ಈಗ ಎಷ್ಟಾಣೆ?" ಹದಿಮೂರರವರೆಗೆ ಏರಿಸಿದ್ದೆ. ಗಂಡ ಪಕ್ಕದಲ್ಲಿದ್ದರೆ ಹದಿನಾಲ್ಕು.

ಹೋದ ವರ್ಷ ಸರ್ ತೀರಿಕೊಂಡರು. ನೌಕರಿ ಇನ್ನೂ ನನ್ನ ಕೈಯಲ್ಲಿದೆ. ಕಮಲಾಪುರದಲ್ಲಿ ದಿನಕರ್ಮಗಳು ಮುಗಿದು ಮನೆಗೆ ಬಂದ ಸಂಜೆ ಗಂಡನನ್ನು ಕೇಳಿದೆ:

"ರೀ, ಅವತ್ತ ನನ್ನ ನೋಡಿ ವಾಪಸ್ ಹೋಗುವಾಗ ಸರ್ ನಿಮ್ಮನ್ನೂ ಕೇಳಿರ್ತಾರ. ನಾ ಎಷ್ಟಾಣೆ ಅಂದಿದ್ರಿ?"

ಮುಗಿಲಲ್ಲಿ ಒಂದು ಮೋಡವೂ ಇರಲಿಲ್ಲ. ಅವರು ಛತ್ರಿ ಹುಡುಕಲು ಎದ್ದು ಹೋದರು.