ಪಾರ್ಕಿನ ಕೊಳಕ್ಕೆ ಇಳಿದ ಕಂಡಕ್ಟರ್ರು

ಅವರ ಹಿಮ್ಮಡಿ ಬೇಸಿಗೆಯ ಗದ್ದೆಯಂತೆ ಒಡೆದಿತ್ತು. ಬಿರುಕಿನಲ್ಲಿ ಎಂಟಾಣೆ ಸಿಕ್ಕಿಸಬಹುದು ಎಂದು ನಾನು ನಗಾಡುತ್ತಿದ್ದೆ. ನಮ್ಮ ಕೇರಿಯವರು, ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಮಾತು ಒರಟು. ಪುಕ್ಕಟೆ ಕೆಲಸಕ್ಕೆ ಬಂದವರನ್ನೂ ಚಿಲ್ಲರೆ ಕೊಡದವರನ್ನು ಗದರಿದಂತೆ ಗದರುತ್ತಿದ್ದರು.

ಕುಮಟೆಯಲ್ಲಿ ಬ್ರಿಟಿಷರ ಕಾಲದ ಪಾರ್ಕೊಂದು ಹಾಳು ಬಿದ್ದಿತ್ತು. ಚಿರೇಕಲ್ಲಿನ ಮೆಟ್ಟಿಲು, ನಡುವೆ ಕೊಳ, ಸುತ್ತ ಹಳೇ ಮರ. ಕೊಳ ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರೆಂದು ಸುದ್ದಿಯಾದಾಗ ಕಂಡಕ್ಟರ್ರು ಪಾರ್ಕು ಚೊಕ್ಕ ಮಾಡಲು ಭಾನುವಾರ ಭಾನುವಾರ ಜನ ಸೇರಿಸಿದರು. ಮೀನು ಮಾರಿ ಮುಗಿಸಿ ಬುಟ್ಟಿ ಸಮೇತ ನಾನೂ ಹೋಗುತ್ತಿದ್ದೆ. “ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ” ಎಂದು ನಮ್ಮನ್ನು ಮುಳ್ಳುಪೊದೆಯತ್ತ ಅಟ್ಟುತ್ತಿದ್ದರು.

ಕೊಳದ ದಂಡೆಯಲ್ಲಿ ನಾಗನ ಕಲ್ಲಿತ್ತು. ಅದಕ್ಕೆ ಹಬ್ಬಿದ್ದ ಬಳ್ಳಿಯನ್ನು ಎಲ್ಲರೂ ಸೇರಿ ಕಡಿದೆವು. ಮಳೆ ಹಿಡಿದ ಮೇಲೆ ಹೂಳು ತೆಗೆಯಲು ಹುಡುಗರು ಗಂಬೂಟು ಹಾಕಿಕೊಂಡು ಇಳಿದರು. ಕಂಡಕ್ಟರ್ರು ಬೂಟು ಮುಟ್ಟಲಿಲ್ಲ. ನಾಗನ ಎದುರು ಬೂಟು ಮೆಟ್ಟಿಕೊಂಡು ಹೋಗುವುದುಂಟೆ ಎಂದರು.

“ಕಾಲು ನೋಡ್ಕಣಿ. ಆ ನೀರಲ್ಲಿ ಹೆಗ್ಗಣ ಸತ್ತು ತೇಲ್ತದೆ” ಎಂದೆ.

“ನಿನ್ನ ಬುಟ್ಟಿಗಿಂತ ವಾಸನೆ ಕಮ್ಮಿ ಮಾರಾಯ್ತಿ” ಎಂದು ಬರಿಗಾಲಲ್ಲೇ ಇಳಿದರು.

ಸ್ವಲ್ಪ ದಿನದಲ್ಲಿ ಜ್ವರ ಬಂತು. ಮೀನಖಂಡ ಹಿಡಿದುಕೊಂಡಿತು, ಕಣ್ಣು ಹಳದಿಯಾಯಿತು. ನಾಗನ ಮೇಲಿನ ಬಳ್ಳಿ ಕಡಿದ ದೋಷ ಎಂದು ಕೇರಿ ಆಡಿತು. ಅವರೂ ನಂಬಿದರು. ಮನೆಯವರು ಆಸ್ಪತ್ರೆ ಬಿಟ್ಟು ಕಲ್ಲಿಗೆ ಹಾಲೆರೆಯಲು ಹೋದರು. ನಾನು ಅವರ ಜಗುಲಿಯಲ್ಲಿ ನಿಂತು ಬೈದೆ. ನಾಗ ಹಿಡಿಯುವುದಾದರೆ ಬೂಟು ಹಾಕಿ ಇಳಿದವರನ್ನು ಹಿಡಿಯಬೇಕಿತ್ತು, ಬರಿಗಾಲಲ್ಲಿ ಹೋದವರನ್ನು ಯಾಕೆ ಹಿಡಿಯುತ್ತಾನೆ ಎಂದು ಕೇಳಿದೆ. ಹೆಂಡತಿ ಅತ್ತಳು. ಮೂತ್ರ ನಿಂತ ಮೇಲೆ ಆಸ್ಪತ್ರೆಗೆ ಒಯ್ದರು. ಇಲಿಜ್ವರ, ಇಲಿ ಉಚ್ಚೆ ಬೆರೆತ ನೀರು ಒಡೆದ ಹಿಮ್ಮಡಿಯಿಂದ ಒಳಗೆ ಹೋಗಿದೆ, ತಡ ಮಾಡಿದಿರಿ ಎಂದರು ಡಾಕ್ಟರು.

ನೋಡಲು ಹೋದಾಗ ಅವರಿಗೆ ಪ್ರಜ್ಞೆಯಿತ್ತು.

“ಇಲಿಜ್ವರ ಅಂತ ಎಲ್ಲರಿಗೂ ಹೇಳು ಮಾರಾಯ್ತಿ. ನಾಗ ಹಿಡ್ದ ಅಂದ್ರೆ ಇನ್ಯಾರೂ ಕೊಳಕ್ಕೆ ಇಳಿಯೂದಿಲ್ಲ.”

“ಆತು, ಹೇಳ್ತೆ” ಎಂದೆ. ಮರುದಿನ ಹೋದರು.

ಹೇಳಿದೆ. ಮೀನುಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅವರ ತಿಥಿಯ ಊಟದಲ್ಲೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಭಾನುವಾರ ಯಾರೂ ಬರಲಿಲ್ಲ. ಮಳೆ ಮುಗಿದದ್ದೇ ಲಾರಿಗಳು ಬಂದು ಕೊಳಕ್ಕೆ ಕೆಂಪು ಮಣ್ಣು ಸುರಿದವು.

ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಕೊಟ್ಟ ಮಾತು ನನ್ನ ಮೇಲಿದೆಯಲ್ಲ, ಕಾರಿನವರಿಗೂ ಬಗ್ಗಿ ಹೇಳುತ್ತೇನೆ: ಇಲ್ಲೊಂದು ಕೊಳ ಇತ್ತು, ನಮ್ಮ ಕಂಡಕ್ಟರ್ರು ಸತ್ತದ್ದು ಇಲಿಜ್ವರಕ್ಕೆ. ಮೀನು ಬೇಡ ಎಂದು ಅವರು ಗಾಜು ಏರಿಸುತ್ತಾರೆ.