ಶಿವಗಂಗವ್ವ ಕಲಿತ ಮಲಯ್

ಬೇಡಕಿಹಾಳದ ಶಿವಗಂಗವ್ವ ಮಲಯ್ ಭಾಷೆ ಕಲಿಯಲು ಕುಳಿತದ್ದನ್ನು ಊರು ಇಂದಿಗೂ ನಗೆಯ ಮಾತಾಗಿ ಆಡುತ್ತದೆ. ನಗುವವರಿಗೆ ಸಂಗತಿ ಗೊತ್ತಿಲ್ಲ. ಗೊತ್ತಿದ್ದೂ ನಗುವವರಿಗೆ ಲಜ್ಜೆಯಿಲ್ಲ.

ಆಕೆಯ ತವರು ಭೋಜ. ತಮ್ಮ ದುಂಡೇಶ ಸಕ್ಕರೆ ಕಾರ್ಖಾನೆಯ ಫಿಟ್ಟರ್; ಮಲೇಷಿಯಾದ ಸಬಾ ರಾಜ್ಯದಲ್ಲಿ ತಾಳೆ ಎಣ್ಣೆ ಗಿರಣಿಯೊಂದಕ್ಕೆ ಕೆಲಸಕ್ಕೆ ಹೋದ. ಓಡಿಹೋದನೆಂದು ಊರು ಆಡುವುದು ಶುದ್ಧ ಸುಳ್ಳು. ಮನೆಮಂದಿಯೆಲ್ಲ ನಿಪ್ಪಾಣಿ ಬಸ್ ನಿಲ್ದಾಣದ ತನಕ ಹೋಗಿ ಕಳುಹಿಸಿ ಬಂದಿದ್ದರು. ಅಲ್ಲಿಯ ಲೂಸಿಯಾಳನ್ನು ಮದುವೆಯಾದ ಮೇಲೆಯೇ ಅಣ್ಣ ಮುರಗೆಪ್ಪ ಅವನ ಹೆಸರೆತ್ತುವುದನ್ನು ಬಿಟ್ಟದ್ದು. ಬಿಡದವಳು ಶಿವಗಂಗವ್ವ ಒಬ್ಬಳೇ. ರವಿವಾರಕ್ಕೊಮ್ಮೆ ದುಂಡೇಶ ವಿಡಿಯೋ ಕರೆ ಮಾಡಿ, ಅಕ್ಕನ ಮಾತನ್ನು ಹೆಂಡತಿಗೂ ಹೆಂಡತಿಯ ಮಾತನ್ನು ಅಕ್ಕನಿಗೂ ದಾಟಿಸುತ್ತಿದ್ದ.

ಕಳೆದ ವರ್ಷ ಅವನು ತೀರಿಕೊಂಡ. ಮಣ್ಣೂ ಅಲ್ಲಿಯೇ ಆಯಿತು. ಈ ಭಾಗದಲ್ಲಿ ಸಾವಾದ ಮನೆಗೆ ನೆಂಟರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಒಲ್ಲೆನೆಂದರೂ ಬಿಡದೆ, ಎದುರು ಕುಳಿತು ಉಣ್ಣಿಸಿ ಬರುತ್ತಾರೆ. ಲೂಸಿಯಾಳಿಗೆ ಭೋಜದಿಂದ ಒಂದು ಮಾತೂ ಹೋಗಲಿಲ್ಲ.

"ಆಕಿ ಕೂಡ ಏನ್ ಮಾತಾಡೂದೈತಿ?" ಎಂದ ಮುರಗೆಪ್ಪ. "ಅಂವ ಹೋದ, ಮುಗೀತ."

ಮುಗಿಯಬಾರದೆಂಬುದೇ ಶಿವಗಂಗವ್ವನ ಹಟ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಮೈದುನನ ತುಂಬಿದ ಮನೆಯಲ್ಲಿ. ಅಲ್ಲಿ ದುಂಡೇಶನ ಮುಖ ಯಾರಿಗೂ ನೆನಪಿರಲಿಲ್ಲ. ಅವನಿಗಾಗಿ ಅತ್ತ ಇನ್ನೊಂದು ಜೀವ ಸಬಾದಲ್ಲಿತ್ತು. ರವಿವಾರದ ಕರೆಯನ್ನು ಅದು ಇನ್ನೂ ಬಿಟ್ಟಿರಲಿಲ್ಲ; ಆದರೆ ಅದರೊಡನೆ ಆಡಲು ಮಾತಿಲ್ಲದಿದ್ದರೆ ಕರೆಗಳು ತಾವಾಗಿ ನಿಂತುಹೋಗುತ್ತಿದ್ದವು.

ಮೈದುನನ ಸೊಸೆ ರೂಪಾಲಿ ಮೊಬೈಲಿನಲ್ಲಿ ಮಲಯ್ ಪಾಠ ಹಚ್ಚಿಕೊಟ್ಟಳು. ಶಿವಗಂಗವ್ವ ಎಮ್ಮೆಗೆ ಮೇವು ಹಾಕುತ್ತ "ಆಪಾ ಖಬರ್" ಎಂದು ಬಾಯಿಪಾಠ ಮಾಡಿದಳು. ಹೇಗಿದ್ದೀರಿ ಎಂದು ಅದರ ಅರ್ಥ.

"ಖಬರ್ ನಮ್ಮದ ಮಾತಲ್ಲೇನ್ ಬೇ? ಇವ್ರು ಯಾವಾಗ ಒಯ್ದ್ರು?"

"ದೊಡ್ಡತ್ತಿ, ಆಕಿ ನಿಮಗ ಕಾಕಾಕ್ ಅಂತಾಳಲ್ರಿ, ಅಕ್ಕಾ ಅಂದಂಗಂತ. ನಾವೂ ಇನ್ನ ಕಾಕಾ ಅನ್ನೂಣೇನ್ರಿ?"

"ಅನ್ನವಾ. ಮೀಸಿ ಒಂದ ಕಡಿಮಿ ಐತಿ."

ರವಿವಾರ ಹನ್ನೊಂದಕ್ಕೆ ಕರೆ ಬಂತು. ಅಲ್ಲಿಯ ಗಡಿಯಾರ ಎರಡೂವರೆ ಗಂಟೆ ಮುಂದೆ, ಮಧ್ಯಾಹ್ನದ ಹೊತ್ತು. "ಸುದಾ ಮಾಕಾನ್?" ಎಂದಳು ಲೂಸಿಯಾ. ಊಟವಾಯಿತೇ?

"ಸುದಾ" ಎಂದಳು ಶಿವಗಂಗವ್ವ. ಆಯಿತು. ಆಗಿರಲಿಲ್ಲ. ಆದರೆ ಇಲ್ಲಿಯ ಹೆಣ್ಣುಮಕ್ಕಳು ಬೇರೆ ಮನೆಯವರು ಕೇಳಿದರೆ "ಆತ್ರಿ" ಎಂದೇ ಹೇಳುತ್ತಾರೆ. ಇಲ್ಲವೆಂದರೆ ಕೇಳಿದವರು ನೀಡಬೇಕಾದೀತೆಂಬ ಸಂಕೋಚ. ಅವಳೂ ತಿರುಗಿ ಕೇಳಿದಳು. ಲೂಸಿಯಾಳೂ "ಸುದಾ" ಎಂದಳು. ಇಬ್ಬರೂ ಮುಖ ನೋಡುತ್ತ ಕುಳಿತರು. ಮುಂದೆ ಮಾತಿರಲಿಲ್ಲ.

ಮುಂದಿನ ವಾರಗಳಲ್ಲೂ ಅಷ್ಟೇ. ಕರೆ ಸಣ್ಣದಾಗುತ್ತ ಹೋಯಿತು. ಒಂದು ರವಿವಾರ ಬರಲೇ ಇಲ್ಲ. ಹೊತ್ತು ಇಳಿಯುವ ತನಕ ಆಕೆ ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕುಳಿತೇ ಇದ್ದಳು.

"ಉಂಡೇನಿ ಅಂದಾಕಿಗೆ ಆಕಿ ಮತ್ತೇನ್ ಕೇಳಬೇಕ್ರಿ?" ಎಂದಳು ರೂಪಾಲಿ.

"ಇಲ್ಲಾ ಅಂದ್ರ ಹಸದ ಬಂದಾಕಿ ಹಂಗ ಆಗತೈತೆಲ್ಲ ಬೇ."

"ಆದ್ರ ಆಗ್ಲಿ ಬಿಡ್ರಿ! ಆಕೀನೇನ್ ಸಮುದ್ರ ದಾಟಿ ನೀಡಾಕ ಬರ್ತಾಳೇನ್ರಿ?"

ಮರುವಾರ ಶಿವಗಂಗವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯನ್ನು ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿ, ಎದುರಿಗಿಟ್ಟುಕೊಂಡು ತಾನೇ ಕರೆ ಮಾಡಿದಳು. ಲೂಸಿಯಾ ಎಂದಿನಂತೆ ಕೇಳಿದಳು.

"ಬೆಲುಮ್." ಇನ್ನೂ ಇಲ್ಲ.

"ಸಾಯಾ ಪುನ್ ಬೆಲುಮ್" ಎಂದಳು ಲೂಸಿಯಾ. ನನ್ನದೂ ಇನ್ನೂ ಇಲ್ಲ. ಎದ್ದು ಹೋದಳು. ಖಾಲಿ ಕುರ್ಚಿಯ ಹಿಂದೆ, ಗೋಡೆಯ ಮೊಳೆಯಲ್ಲಿ, ದುಂಡೇಶನ ನೀಲಿ ಅಂಗಿ ತೂಗುತ್ತಿತ್ತು. ಅವಳು ಅನ್ನದ ತಟ್ಟೆ ತಂದು ಕುಳಿತಳು, ಕುಳಿತವಳು ಉಣ್ಣಲೊಲ್ಲಳು.

ಶಿವಗಂಗವ್ವ ಬುತ್ತಿ ಬಿಚ್ಚಿ, ತುತ್ತನ್ನು ಮೊಬೈಲಿನ ಕಡೆ ಹಿಡಿದಳು. "ಮಾಕಾನ್." ಲೂಸಿಯಾ ತಲೆಯಲ್ಲಾಡಿಸಿದಳು. "ಮಾಕಾನ್, ತಂಗೆವ್ವಾ. ನಾ ಬಂದೇನಲ್ಲ." ಹಿಡಿದ ಕೈಯನ್ನು ಇಳಿಸಲಿಲ್ಲ.

ಲೂಸಿಯಾ ಒಂದು ತುತ್ತು ತಿಂದಳು. ಆಮೇಲೆ ಶಿವಗಂಗವ್ವನೂ ತಿಂದಳು.

ಒಳಗೆ ಮನೆಯವರ ಊಟ ನಡೆದಿತ್ತು, ಯಾರೂ ಕರೆಯಲಿಲ್ಲ. ಲೂಸಿಯಾ ಅಳುತ್ತ, ಉಣ್ಣುತ್ತ, ತನ್ನ ಭಾಷೆಯಲ್ಲಿ ಏನನ್ನೋ ಉದ್ದಕ್ಕೆ ಹೇಳತೊಡಗಿದಳು. ಶಿವಗಂಗವ್ವನಿಗೆ ತಿಳಿದದ್ದು ನಡುನಡುವೆ ಬಂದ ದುಂಡೇಶನ ಹೆಸರು ಮಾತ್ರ. ಆ ಹೆಸರು ಬಂದಾಗಲೆಲ್ಲ ಆಕೆ "ಹ್ಞೂಂ" ಎಂದಳು.